ನಾಲ್ಕು ಗಂಟೆ ಯಾರೂ ಇಳಿಯಬಾರದು

ಬೆಳಕು ಹರಿಯುವ ಮೊದಲು ನಾನು ಮಾಡಿ ಮುಗಿಸಬೇಕಾದ ಕೆಲಸಗಳು ಇವು: ನೀರುದೋಸೆಗೆ ಅಕ್ಕಿ ಕಡೆಯುವುದು, ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದು, ಅತ್ತೆಗೆ ಜೀರಿಗೆ ಕಷಾಯ, ಗಂಡನಿಗೆ ಸಕ್ಕರೆ ಕಡಿಮೆ ಚಾ (ಕಡಿಮೆ ಎಂದರೆ ಎಷ್ಟು ಎಂಬುದು ದಿನವೂ ಹೊಸ ವಿವಾದ), ಅಂಗಳ ಗುಡಿಸುವುದು, ನಿನ್ನೆಯ ಮೀನಿನ ಪಾತ್ರೆಯನ್ನು ಬೆಕ್ಕು ತೊಳೆಯುವ ಮೊದಲು ನಾನು ತೊಳೆಯುವುದು. ಇವು ಹಳೆಯವು, ಮದುವೆಯ ಸೀರೆಯ ಜೊತೆಗೇ ಬಂದವು, ದೂರಲಿಕ್ಕೂ ಬೇಸರ. ಹೊಸದಾಗಿ ಸೇರಿದವನ್ನು ಕೇಳಿ. ಉದ್ದ ಕೋಲಿನ ಬಲೆ ಹಿಡಿದು ರಾತ್ರಿ ನೀರಿಗೆ ಬಿದ್ದ ಎಲೆ, ಜೀರುಂಡೆ, ಒಮ್ಮೊಮ್ಮೆ ಕಪ್ಪೆ, ಇವನ್ನೆಲ್ಲ ಎತ್ತಬೇಕು. (ಕಪ್ಪೆಗೆ ಈಜಲು ಬರುತ್ತದೆ, ನುಣ್ಣಗಿನ ಗೋಡೆ ಹತ್ತಿ ಹೊರಗೆ ಬರಲು ಗೊತ್ತಿಲ್ಲ. ಅದರ ಕಷ್ಟ ನನಗೆ ಅರ್ಥವಾಗುತ್ತದೆ.) ಆಮೇಲೆ ಗಾಜಿನ ಪುಟ್ಟ ನಳಿಗೆಯಲ್ಲಿ ನೀರು ಹಿಡಿದು, ಕೆಂಪು ಮದ್ದಿನ ಹನಿ ಬಿಟ್ಟು, ಟಾರ್ಚಿನ ಬೆಳಕಿಗೆ ಎತ್ತಿ ನೋಡಬೇಕು. ಕಿತ್ತಳೆ ಬಣ್ಣ ಬಂದರೆ ಬಚಾವು. ಪುನರ್ಪುಳಿ ಶರಬತ್ತಿನ ಕಡುಗೆಂಪು ಬಣ್ಣ ಬಂದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಸಿಡ್ ಅಳೆಯಬೇಕು, ಬಕೆಟ್ ನೀರಿಗೆ ಅದನ್ನು ಬೆರೆಸಬೇಕು (ನೀರಿಗೆ ಆಸಿಡ್, ಆಸಿಡಿಗೆ ನೀರಲ್ಲ, ಈ ಒಂದು ವಾಕ್ಯ ಉಪಯೋಗಕ್ಕೆ ಬರಲಿ ಎಂದು ನಾನು ಮೂಡಬಿದಿರೆಯಲ್ಲಿ ಬಿ.ಎಸ್ಸಿ. ಓದಿದ್ದೆ), ಅಂಚಿನ ಸುತ್ತ ನಡೆಯುತ್ತ, ಅಭಿಷೇಕದಷ್ಟು ನಿಧಾನವಾಗಿ ಸುರಿಯಬೇಕು.

ಇಷ್ಟೆಲ್ಲ ಆದ ಮೇಲೆ ಮನೆಯ ಗಂಡಸರು ಎದ್ದು ಬರುತ್ತಾರೆ. (ಇರುವುದು ಒಬ್ಬರೇ, ಗೌರವಕ್ಕೆ ಬಹುವಚನ.) ಚಾ ಕಪ್ ಹಿಡಿದು ನೀರು ನೋಡಿ ಅನ್ನುತ್ತಾರೆ: "ಇವತ್ತು ನೀರು ತನ್ನಷ್ಟಕ್ಕೇ ಒಳ್ಳೇದುಂಟಲ್ಲ!"

ತನ್ನಷ್ಟಕ್ಕೇ.

ಪಾಣೆಮಂಗಳೂರಿನಲ್ಲಿ, ಮನೆಯಂಗಳದಲ್ಲಿ ಈಜುಕೊಳವೇ ಎಂದು ನೀವು ಹುಬ್ಬೇರಿಸಬಹುದು. ಊರೇ ಏರಿಸಿತ್ತು. ನಮ್ಮ ಹಿತ್ತಿಲಿನ ಗೇಟು ದಾಟಿ ನಾಲ್ಕು ಹೆಜ್ಜೆ ಇಳಿದರೆ ನೇತ್ರಾವತಿ. ಪಕ್ಕದ ಮನೆಯ ನಬೀಸಾ ಮೊದಲ ದಿನವೇ ಗೋಡೆಯ ಮೇಲಿಂದ ಕತ್ತು ಚಾಚಿ ಕೇಳಿದ್ದಳು: "ಅಲ್ಲ ಸ್ವರ್ಣಕ್ಕ, ಕೆಳಗೆ ಹೊಳೆ ಪುಕ್ಕಟೆ ಹೋಗ್ತಾ ಉಂಟು. ನಿಮ್ಮ ಯಜಮಾನರು ತೊಟ್ಟಿಯಲ್ಲಿ ನೀರು ತುಂಬಿಸಿ ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರೀತಾ ಇದ್ದಾರೆ. ಎಂತ, ಹಲಸಿನ ಸೊಳೆ ಹಾಕಿಡ್ಲಿಕ್ಕಾ?"

ಕಾರಣ ಇತ್ತು. ನನ್ನ ಗಂಡ ರುಕ್ಮಯ್ಯನವರು ಮಸ್ಕತ್ತಿನ ದೊಡ್ಡ ಹೋಟೆಲೊಂದರಲ್ಲಿ ಅರ್ಧ ಆಯುಷ್ಯ ದುಡಿದವರು. ಈಜುಕೊಳದ ಅಂಚಿನಲ್ಲಿ ಜ್ಯೂಸಿನ ಟ್ರೇ ಹಿಡಿದು ನಿಲ್ಲುವುದು ಅವರ ಕೆಲಸ. ಅಂಚಿನಿಂದ ಒಂದು ಗೇಣು ಹಿಂದೆ ನಿಲ್ಲಬೇಕು, ಬೂಟು ಒದ್ದೆಯಾಗಬಾರದು ಎಂಬುದು ಅಲ್ಲಿನ ನಿಯಮ. ಒಂದು ಮಧ್ಯಾಹ್ನ ಸೆಕೆ ತಡೆಯಲಾರದೆ, ಯಾರೂ ಇಲ್ಲವೆಂದು ಬೂಟು ಬಿಚ್ಚಿ ಪಾದ ಅದ್ದಿದ್ದರಂತೆ. ಮ್ಯಾನೇಜರ್ ಅಬ್ಬಾಸ್ ಸಾಹೇಬರು ನೋಡಿಬಿಟ್ಟರು. ಅವರೂ ನಮ್ಮ ಕಡೆಯವರೇ, ವಿಟ್ಲದ ಹತ್ತಿರದ ಕನ್ಯಾನದವರು. ಬೈಯಲಿಲ್ಲ. "ರುಕ್ಮಯ್ಯ, ನೀರು ಅತಿಥಿಗಳಿಗೆ" ಎಂದು ತುಳುವಿನಲ್ಲಿ ಹೇಳಿ ಹೋದರು, ಅಷ್ಟೇ. ಆ ಒಂದು ವಾಕ್ಯ ನಮ್ಮವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಊರಿಗೆ ಮರಳಿದ ಮೇಲೆ ಆ ಮುಳ್ಳು ಬೆಳೆದು ಈಜುಕೊಳವಾಯಿತು.

ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ ಮುಗಿಯುತ್ತಿದ್ದಂತೆ ಕೊಚ್ಚಿಯಿಂದ ಲಾರಿಯಲ್ಲಿ ಅದು ಬಂತು. ಒಂದೇ ತುಂಡಿನ ಫೈಬರ್ ತೊಟ್ಟಿ, ನೀಲಿ ಬಣ್ಣ, ಆನೆ ಮೀಯಿಸುವ ಬಾನಿಯಷ್ಟು ದೊಡ್ಡದು. ಲಾರಿ ಸೇತುವೆಯ ಬಾಯಲ್ಲಿ ಸಿಕ್ಕಿಹಾಕಿಕೊಂಡು, ಎರಡೂ ಕಡೆ ಬಸ್ಸುಗಳು ಸಾಲುಗಟ್ಟಿ, ಪೇಟೆಯವರೆಲ್ಲ ಹೊರಗೆ ಬಂದು "ಯಾರದ್ದು ಮಾರಾಯ ಇಷ್ಟು ದೊಡ್ಡ ದೋಣಿ?" ಎಂದು ಕೇಳಿದರು. ನಮ್ಮವರು ಲಾರಿಯ ಮುಂದೆ ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯ ಹಾಗೆ ನಡೆಯುತ್ತಿದ್ದರು. ದೋಣಿ ಎಂದವರ ಬಾಯಲ್ಲಿ ಶನಿ ಕೂತಿತ್ತೆಂದು ನಮಗೆ ಆಗ ಗೊತ್ತಾಗಲಿಲ್ಲ.

ಕೊಚ್ಚಿಯ ತಂತ್ರಜ್ಞ ತೊಟ್ಟಿ ಹೂತು, ಪಂಪು ಕೂರಿಸಿ, ಎಲ್ಲವನ್ನೂ ನಮ್ಮವರಿಗೆ ವಿವರಿಸಿದ. ನೀರಿಗೆ ಗಂಜಿಗೆ ಹಾಕುವಷ್ಟು ಹದವಾಗಿ ಉಪ್ಪು ಹಾಕಬೇಕು, ಆ ನೀರು ಸೆಲ್ ಎಂಬ ಪೆಟ್ಟಿಗೆಯೊಳಗೆ ಹಾದು ಬರುವಾಗ ವಿದ್ಯುತ್ತಿನಿಂದ ಕ್ಲೋರಿನ್ ಹುಟ್ಟುತ್ತದೆ, ಬೇರೆ ಮದ್ದು ಬೇಡ. ಆದರೆ ಉಪ್ಪುನೀರಿನ ಕೊಳದ ಪಿಎಚ್ ದಿನವೂ ಮೇಲೇರುತ್ತದೆ, ಆಸಿಡ್ ಹಾಕಿ ಇಳಿಸದಿದ್ದರೆ ನೀರಿನ ಸುಣ್ಣದಂಶ ಬಿಳಿ ಹಿಟ್ಟಾಗಿ ಗೋಡೆಗೂ ಸೆಲ್ಲಿಗೂ ಕಚ್ಚುತ್ತದೆ. ಆಸಿಡ್ ಹಾಕಿದ ಮೇಲೆ ನಾಲ್ಕು ಗಂಟೆ ಯಾರೂ ಇಳಿಯಬಾರದು. ನಮ್ಮವರು ಎಲ್ಲದಕ್ಕೂ ತಲೆಯಾಡಿಸಿದರು. ಅವನ ಲಾರಿ ತಿರುವು ದಾಟಿದ ಕೂಡಲೇ ನನ್ನ ಕಡೆ ತಿರುಗಿದರು.

"ಸ್ವರ್ಣಾ, ಅವನು ಹೇಳಿದ್ದು ಕೇಳಿದಿಯಲ್ಲ?"

"ನಾನು ಅಡಿಗೆಮನೆಯಲ್ಲಿದ್ದೆ."

"ಕಿಟಕಿಯಿಂದ ಕೇಳ್ತದಲ್ಲ ಮಾರಾಯ್ತಿ. ಹೇಗೂ ನಿಂದು ಕೆಮಿಸ್ಟ್ರಿ ಅಲ್ವಾ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಕೆಮಿಸ್ಟ್ರಿ ಅವರಿಗೆ ನೆನಪಾದದ್ದು ಅದೇ ಮೊದಲು. ಮೂರ್ಖಳ ಹಾಗೆ ನಾನು ಖುಷಿಪಟ್ಟೆ.

ಒಂದು ಬೆಳಿಗ್ಗೆ ಅತ್ತೆ "ಉಪ್ಪುನೀರಲ್ವಾ, ಗಂಟುನೋವಿಗೆ ಒಳ್ಳೇದು" ಎಂದು ಆಗಷ್ಟೇ ಆಸಿಡ್ ಹಾಕಿದ ನೀರಲ್ಲಿ ಕಾಲು ಬಿಟ್ಟು ಕೂತು ಎರಡು ದಿನ ತುರಿಸಿಕೊಂಡರು. ಅಂದೇ ನಾನು ಹಲಗೆಯೊಂದರ ಮೇಲೆ ಕೆಂಪು ಪೇಂಟಿನಲ್ಲಿ ದಪ್ಪಕ್ಕೆ ಬರೆದು ಕೊಳದ ಗೋಡೆಗೆ ತೂಗಿಹಾಕಿದೆ: ಆಸಿಡ್ ಹಾಕಿದ ನಾಲ್ಕು ಗಂಟೆ ಯಾರೂ ಇಳಿಯಬಾರದು. ಅಕ್ಷರ ಚೆನ್ನಾಗಿ ಬಂದಿತ್ತು. ಹಲಗೆಯ ವಿಷಯ ನೆನಪಿಟ್ಟುಕೊಳ್ಳಿ.

ಇಷ್ಟಾದರೂ ಯಾರೂ ಇನ್ನೂ ನೀರಿಗೆ ಇಳಿದಿರಲಿಲ್ಲ. ಉದ್ಘಾಟನೆಯಾಗಬೇಕಿತ್ತು. ಅಬ್ಬಾಸ್ ಸಾಹೇಬರೂ ನಿವೃತ್ತರಾಗಿ ಕನ್ಯಾನಕ್ಕೆ ಬಂದಿದ್ದರು. ಬೆಳ್ತಂಗಡಿಯ ಲಾಯಿಲದಲ್ಲಿರುವ ಮಗಳ ಮನೆಗೆ ಹೋಗುವಾಗ ನಮ್ಮ ಸೇತುವೆ ದಾಟಿಯೇ ಹೋಗಬೇಕು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಿಂಡಿಗೆ ಬರುತ್ತೇವೆಂದು ಒಪ್ಪಿದ್ದರು. ಅವರೆದುರು, ನೀಲಿ ನೀರಿನಲ್ಲಿ, ರುಕ್ಮಯ್ಯನವರು ಕತ್ತಿನವರೆಗೆ ಮುಳುಗಿ ನಿಲ್ಲಬೇಕು. ಹದಿನೈದು ದಿನದಿಂದ ಅವರು ಕನ್ನಡಿಯ ಮುಂದೆ ಬರ್ಮುಡಾ ಹಾಕಿಕೊಂಡು ಹೊಟ್ಟೆ ಒಳಗೆಳೆಯುವ ಅಭ್ಯಾಸ ಮಾಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಬಲೆ ಹಿಡಿದು ಹೋದವಳು ಅಲ್ಲೇ ನಿಂತುಬಿಟ್ಟೆ. ಕೊಳದಲ್ಲಿ ನೀರಿರಲಿಲ್ಲ, ಮಜ್ಜಿಗೆ ಇತ್ತು. ನೀರಿನ ಗೆರೆಯಲ್ಲಿ ಗೋಡೆಯ ಸುತ್ತ ಬಿಳಿ ಹಿಟ್ಟು ಕಟ್ಟಿಕೊಂಡು, ಮುಟ್ಟಿದರೆ ಮರಳುಕಾಗದದ ಹಾಗೆ ಒರಟು. ಸೆಲ್ ಬಿಚ್ಚಿದರೆ ಒಳಗಿನ ತಗಡುಗಳ ನಡುವೆ ಅಕ್ಕಿಹಿಟ್ಟು ತುಂಬಿದಂತೆ. ನಳಿಗೆಯ ನೀರಿಗೆ ಒಂದು ಹನಿ ಬಿಟ್ಟದ್ದೇ, ಪುನರ್ಪುಳಿಯಲ್ಲ, ನೇರಳೆಹಣ್ಣಿನ ಬಣ್ಣ. ಆ ಬಣ್ಣ ಮದ್ದಿನ ಡಬ್ಬಿಯ ಮೇಲಿನ ಬಣ್ಣದ ಪಟ್ಟಿಯಲ್ಲೇ ಇಲ್ಲ!

ನಮ್ಮವರು ಚಾ ಕಪ್ ಹಿಡಿದು ಬಂದರು. "ಎಂತ ಮಾಡಿದಿ ನೀನು?"

ಗಮನಿಸಿ. ಒಳ್ಳೆಯದಿದ್ದರೆ ತನ್ನಷ್ಟಕ್ಕೆ, ಕೆಟ್ಟರೆ ನಾನು.

"ನಾನು ಎಂತದೂ ಮಾಡ್ಲಿಲ್ಲ. ಯಾರೋ ಎಂತದೋ ಹಾಕಿದ್ದಾರೆ."

"ಯಾರು ಹಾಕುವುದು? ಹೊಳೆಯಿಂದ ಮೊಸಳೆ ಬಂದು ಹಾಕಿತಾ?"

ಜಗಲಿಯ ಮೂಲೆಯಲ್ಲಿ ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದರು. ಸಾಧಾರಣವಾಗಿ ನಮ್ಮ ಜಗಳದಲ್ಲಿ ಮಗನ ಪರ ವಕಾಲತ್ತು ವಹಿಸುವ ಅತ್ತೆ ಅಂದು ಎಲೆಯನ್ನೇ ನೋಡುತ್ತಿದ್ದರು. ನನ್ನ ಕಣ್ಣು ಎಲೆಯಿಂದ ಸುಣ್ಣಕ್ಕೆ, ಸುಣ್ಣದಿಂದ ಕೊಟ್ಟಿಗೆಯ ಬಾಗಿಲಿಗೆ ಹೋಯಿತು. ಬಾವಿ ಶುದ್ಧ ಮಾಡಲೆಂದು ತಂದಿಟ್ಟ ಚಿಪ್ಪಿನ ಸುಣ್ಣದ ಮಡಕೆ ಅಲ್ಲಿರಬೇಕಿತ್ತು.

"ಅತ್ತೇ, ಸುಣ್ಣದ ಮಡಕೆ ಎಲ್ಲಿ?"

"ಎಂತಕ್ಕೆ ಈಗ ಅದು?"

"ಎಲ್ಲಿ ಹೇಳಿ."

"ಅಲ್ಲ ಹೆಣ್ಣೇ, ನಿನ್ನೆ ನೀರು ಸ್ವಲ್ಪ ಕದಡಿದ ಹಾಗೆ ಇತ್ತಲ್ಲ? ಮಳೆ ಹೋದ ಮೇಲೆ ಬಾವಿಗೆ ಸುಣ್ಣ ಹಾಕುವುದಿಲ್ವಾ ನಾವು? ನನ್ನ ಅತ್ತೆ ಹಾಕ್ತಿದ್ರು, ನಾನು ಹಾಕ್ತೇನೆ. ಇದೂ ದೊಡ್ಡ ಬಾವಿ ಅಲ್ವಾ, ದೊಡ್ಡ ಬಾವಿಗೆ ಇಡೀ ಮಡಕೆ ಬೇಕು ಅಂತ…"

ನಿನ್ನೆಯ ಕದಡು ನಮ್ಮವರದ್ದೇ ಕೊಡುಗೆ. ಶುದ್ಧ ಉಪ್ಪು ಬೇಕೆಂದು ಕೊಚ್ಚಿಯವನು ಹೇಳಿದ್ದರೂ ಮೊನ್ನೆ ಬಂದರಿನಿಂದ ಒಣಮೀನಿಗೆ ಹಾಕುವ ಕಲ್ಲುಪ್ಪು ತಂದು ಸುರಿದಿದ್ದರು. ಒಂದೆರಡು ದಿನ ಪಂಪು ಓಡಿದ್ದರೆ ತಿಳಿಯಾಗುತ್ತಿತ್ತು. ಬಾವಿಗೆ ಸುಣ್ಣ ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ನಿಜ. ಈ ಉಪ್ಪುನೀರಿಗೆ ಸುಣ್ಣ ಹಾಕುವುದೆಂದರೆ ಜ್ವರ ಬಂದವನಿಗೆ ಕಂಬಳಿ ಹೊದೆಸಿ ಒಲೆಯ ಮೇಲೆ ಕೂರಿಸಿದಂತೆ. ಆದರೂ ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಮನೆಯಲ್ಲಿ ಹೇಳಿಸಿಕೊಳ್ಳದೆ ನನಗೆ ಸಹಾಯ ಮಾಡಲು ಹೊರಟ ಮೊದಲ ವ್ಯಕ್ತಿ ಅವರು.

ನಮ್ಮವರು ಮೆಟ್ಟಿಲ ಮೇಲೆ ಕುಸಿದರು. "ಸಾಹೇಬರು ಬರುವುದು ನಾಡಿದ್ದು. ಅವರ ಮುಂದೆ ನಾನು ಈ ಗಂಜಿಯಲ್ಲಿ ನಿಲ್ಲುವುದಾ? ಮಾನ ಹೋಯ್ತು. ಸ್ವರ್ಣಾ, ಹೇಗಾದ್ರೂ ಮಾಡು ಮಾರಾಯ್ತಿ. ನೀನು ಕೇಳಿದ್ದು ಕೊಡ್ತೇನೆ."

ಕೇಳಿದ್ದು ಕೊಡುತ್ತೇನೆ ಎಂದು ಗಂಡ ಹೇಳುವ ಗಳಿಗೆ ಆಯುಷ್ಯದಲ್ಲಿ ಒಮ್ಮೆ ಬಂದರೆ ಹೆಚ್ಚು. ಬಳೆ, ಸೀರೆ ಯಾವುದೂ ನೆನಪಾಗಲಿಲ್ಲ.

"ಮೊದಲು ನಾನು ಇಳಿಯಬೇಕು."

"ಎಲ್ಲಿಗೆ?"

"ಕೊಳಕ್ಕೆ. ಸಾಹೇಬರು ಬರುವ ಮೊದಲು, ನಿಮಗಿಂತ ಮೊದಲು. ಮೊದಲ ಮುಳುಗು ನನ್ನದು."

"ನಿನಗೆ ಈಜು ಬರ್ತದಾ?" ಇಪ್ಪತ್ತು ವರ್ಷದ ನಂತರದ ಪ್ರಶ್ನೆ!

ಬರುತ್ತದೆ. ಮೂಡಬಿದಿರೆಯಲ್ಲಿ ನಮ್ಮ ಮನೆ ಕೆರೆಯ ದಂಡೆಗೇ ಇತ್ತು. ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಕಲಿತವಳು ನಾನು. ಆಮೇಲೆ ಕಾಯಿ ಬಿಚ್ಚಿ, ಅಣ್ಣಂದಿರಿಗಿಂತ ಮೊದಲು ಆಚೆ ದಡ ಮುಟ್ಟುತ್ತಿದ್ದೆ. ಏಳನೆಯ ಕ್ಲಾಸಿನ ಬೇಸಿಗೆಯಲ್ಲಿ ಅಮ್ಮ, "ಇನ್ನು ಸಾಕು, ನೀನು ದೊಡ್ಡವಳಾದಿ" ಎಂದಳು. ಕೆರೆ ಅಲ್ಲೇ ಇತ್ತು. ಅಣ್ಣಂದಿರು ಅದರಲ್ಲೇ ಇದ್ದರು. ಬಟ್ಟೆ ಒಗೆಯಲು ನಾನೂ ಹೋಗುತ್ತಿದ್ದೆ, ಮೊಣಕಾಲಿನವರೆಗೆ ಮಾತ್ರ. ಇದನ್ನೆಲ್ಲ ಅವರಿಗೆ ಹೇಳಲಿಲ್ಲ. "ಬರ್ತದೆ" ಎಂದೆ.

"ಆಯ್ತು ಮಾರಾಯ್ತಿ, ಮೊದಲ ಮುಳುಗು ನಿಂದೇ. ದೇವರಾಣೆ."

ಅಂದಿನಿಂದ ಯುದ್ಧ. ಸೆಲ್ಲನ್ನು ತೆಳು ಆಸಿಡಿನಲ್ಲಿ ನೆನೆಸಿದೆ. ಅದು ಸೋಡಾದ ಹಾಗೆ ಬುಸುಗುಟ್ಟಿ ಹಿಟ್ಟು ಬಿಟ್ಟಿತು. ಗೋಡೆಯ ಹಿಟ್ಟಿಗೆ ತಾಮ್ರದ ಹಂಡೆ ಬೆಳಗುವ ಉಪಾಯವನ್ನೇ ಹೂಡಿದೆ. ಹುಳಿ ಬಿಂಬುಳಿಕಾಯಿ ಜಜ್ಜಿ, ರಸದಲ್ಲಿ ಹಳೆಯ ಪಂಚೆ ಅದ್ದಿ, ಅಂಚಿನ ಮೇಲೆ ಬೋರಲು ಮಲಗಿ ಒರೆಸಿದೆ. ತಲೆಯೆತ್ತಿ ನೋಡಿದರೆ ಆಚೆ ಬದಿಯಲ್ಲಿ ನಮ್ಮವರು ತೆಂಗಿನ ನಾರಿಗೆ ಹೊಳೆಯ ಹೊಯ್ಗೆ ಮೆತ್ತಿ ಗಸಗಸ ತಿಕ್ಕುತ್ತಿದ್ದಾರೆ.

"ಅಯ್ಯೋ ಬಿಡಿ! ಅದು ಫೈಬರ್, ಹಿತ್ತಾಳೆ ಚೆಂಬಲ್ಲ! ಮೇಲಿನ ನುಣುಪು ಹೋದ್ರೆ ಹಿಟ್ಟು ಇನ್ನೂ ಗಟ್ಟಿ ಹಿಡೀತದೆ!"

"ಸಹಾಯ ಮಾಡಿದ್ರೂ ತಪ್ಪಾ ನಿಂಗೆ?" ಎಂದು ನಾರು ಎಸೆದು ಹೋದರು. ಊಟದ ತಟ್ಟೆಯಷ್ಟು ಅಗಲಕ್ಕೆ ನೀಲಿ ಬಣ್ಣ ಮಂಕಾಗಿತ್ತು.

ಸಂಜೆ ಗುಡುಗಿನ ಮಳೆ ಸುರಿಯಿತು. ಶನಿವಾರ ಕೊಚ್ಚಿಗೆ ಫೋನ್ ಮಾಡಿದೆ. ಸುಣ್ಣದಂಶ ಅತಿಯಾಗಿದೆ, ಅರ್ಧ ನೀರು ತೆಗೆದು ಮೆದು ನೀರು ತುಂಬಿಸಿ ಎಂದ ಅವನು. "ಪೂರ್ತಿ ಖಾಲಿ ಮಾಡಬೇಡಿ ಚೇಚಿ. ಕೆಳಗೆ ನೆಲದಲ್ಲಿ ನೀರಿದೆ, ತೊಟ್ಟಿ ಎದ್ದು ಬರುತ್ತದೆ." ನಮ್ಮ ಬೋರಿನ ನೀರು ಗಡಸು, ಕುದಿಸಿದರೆ ಪಾತ್ರೆಗೆ ಬಿಳಿ ಕಚ್ಚುತ್ತದೆ. ನಮ್ಮ ಬಾವಿ ಇಷ್ಟಕ್ಕೆಲ್ಲ ಸಾಲದು. ನಬೀಸಾಳ ದೊಡ್ಡ ಬಾವಿಯ ನೀರು ಮಾತ್ರ ಮಳೆಯಷ್ಟು ಮೆದು. ಅರ್ಧಕ್ಕೆ ಬಂದಾಗ ಪಂಪು ನಿಲ್ಲಿಸಿ ಎಂದು ನಮ್ಮವರಿಗೆ ಮೂರು ಸಲ ಹೇಳಿ ನಾನು ಗೋಡೆಯಾಚೆ ಹೋದೆ.

ನಬೀಸಾಳ ಗಂಡ ದುಬೈಯಲ್ಲಿ. ಮನೆ, ತೋಟ, ಡೀಸೆಲ್ ಪಂಪು ಎಲ್ಲ ಅವಳದೇ ಕಾರುಬಾರು. ಪೈಪು ಹುಡುಕಿ, ಜೋಡಿಸಿ, ತೂತಿಗೆ ಬಟ್ಟೆ ಸುತ್ತುವಷ್ಟರಲ್ಲಿ ನಮ್ಮ ಅಂಗಳದಿಂದ ಒಂದು ಶಬ್ದ ಬಂತು. ಹಳೆಯ ಮರದ ಬಾಗಿಲು ತೆರೆದಂತೆ, ಆದರೆ ಉದ್ದಕ್ಕೆ.

"ಅದೆಂತ ಶಬ್ದ ಸ್ವರ್ಣಕ್ಕ?"

ನಾನು ಓಡಿದೆ. ಕೊಳದಲ್ಲಿ ನೀರು ಪಾದ ಮುಳುಗುವಷ್ಟು ಮಾತ್ರ. ಪಂಪು ಇನ್ನೂ ಎಳೆಯುತ್ತಿತ್ತು. ನಮ್ಮವರು ಎಲ್ಲೂ ಇಲ್ಲ. ಅಂಚಿನ ಕಲ್ಲುಗಳು ಒಂದು ಬದಿಯಲ್ಲಿ ಎರಡು ಬೆರಳು ಮೇಲೆದ್ದಿದ್ದವು, ನಾನು ನೋಡುತ್ತಿದ್ದಂತೆಯೇ ಇನ್ನೊಂದು ಬೆರಳು ಎದ್ದವು. ನೆಲದೊಳಗಿನ ನೀರು ಆ ನೀಲಿ ತೊಟ್ಟಿಯನ್ನು ಬೆನ್ನ ಮೇಲೆ ಹೊತ್ತು ಏಳುತ್ತಿತ್ತು.

ಪಂಪು ನಿಲ್ಲಿಸಿದೆ. "ನಬೀಸಾ! ನೀರು ಬಿಡು! ಬೇಗ!"

"ಬಿಟ್ಟೆ! ಬಂತಾ?"

"ಇಲ್ಲ!"

"ಪೈಪು ಮಡಚಿದೆ, ತಡಿ!"

ಮತ್ತೊಮ್ಮೆ ಆ ಶಬ್ದ. ಅತ್ತೆ ಜಗಲಿಯಿಂದ ಇಳಿದು, ಎದ್ದ ಕಲ್ಲಿನ ಮೇಲೆ ಹೋಗಿ ಕುಳಿತರು. ಮೂವತ್ತೆಂಟು ಕಿಲೋದ ಮುದುಕಿ, ನೇತ್ರಾವತಿಯನ್ನು ಅದುಮಿ ಹಿಡಿಯಲು ಕುಳಿತಿದ್ದರು. ನನಗೆ ನಗು ಬಂತೋ ಅಳು ಬಂತೋ ಈಗಲೂ ತಿಳಿಯದು. ಅಷ್ಟರಲ್ಲಿ ಗೋಡೆಯಾಚೆಯ ಡೀಸೆಲ್ ಪಂಪು ಕೆಮ್ಮಿ, ಉಗುಳಿ, ಪೈಪು ಹಾವಿನ ಹಾಗೆ ಹೊರಳಿ ನೀರು ಬಂತು. ಬೋರನ್ನೂ ಬಿಟ್ಟೆ, ಗಡಸಾದರೆ ಆಗಲಿ, ತೂಕ ಬೇಕಿತ್ತು. ಮೊಣಕಾಲಿನಷ್ಟು ತುಂಬಿದ ಮೇಲೆ ಬೋರು ನಿಲ್ಲಿಸಿದೆ. ಸೊಂಟದಷ್ಟು ಏರುವಾಗ ತೊಟ್ಟಿ ದೊಡ್ಡದೊಂದು ನಿಟ್ಟುಸಿರು ಬಿಟ್ಟು ಕೆಳಗೆ ಕೂತಿತು. ಒಂದು ಕಲ್ಲು ಮಾತ್ರ ಇಂದಿಗೂ ಓರೆ.

ನಮ್ಮವರು ಪೇಟೆಯಿಂದ ಕೋಳಿ ಹಿಡಿದುಕೊಂಡು ಬಂದರು. "ಎಂತ ಎಲ್ಲರೂ ಹೀಗೆ ಕೂತಿದ್ದೀರಿ? ಅರ್ಧ ಯಾಕೆ, ಪೂರ್ತಿ ಹೊಸ ನೀರೇ ಇರ್ಲಿ ಅಂತ ಬಿಟ್ಟು ಹೋಗಿದ್ದೆ."

ನಬೀಸಾ ಗೋಡೆಯ ಮೇಲಿಂದ ಹೇಳಿದಳು: "ಇನ್ನೊಂದು ಗಳಿಗೆ ತಡ ಮಾಡಿದ್ರೆ ನಿಮ್ಮ ದೋಣಿ ಕಡಲಿಗೆ ಹೊರಡ್ತಿತ್ತು ರುಕ್ಮಯ್ಯಣ್ಣ. ನಿಮ್ಮಮ್ಮ ಲಂಗರು ಹಾಕಿ ನಿಲ್ಲಿಸಿದ್ದಾರೆ."

ಸಂಜೆಯವರೆಗೆ ತುಂಬಿಸಿದೆವು. ಒಳ್ಳೆಯ ಉಪ್ಪು ತರಿಸಿ ಹಾಕಿ, ನಾಲಿಗೆಯ ಮೇಲೆ ಒಂದು ಹನಿ ಇಟ್ಟು ನೋಡಿದೆ. ಗಂಜಿಯ ಹದ, ಕಣ್ಣೀರಿನ ಹದ ಎಂದರೂ ಒಂದೇ. ಸೆಲ್ ಚಾಲು ಮಾಡಿ ಮಲಗಿದೆ.

ಭಾನುವಾರ ಕತ್ತಲಲ್ಲೇ ಎದ್ದು ಎಲ್ಲ ಮುಗಿಸಿದೆ. ದೋಸೆ ಹಿಟ್ಟು, ಕೋಳಿ ಮಸಾಲೆ, ಕಷಾಯ, ಚಾ, ಅಂಗಳ. ಕೊನೆಗೆ ಕೊಳ. ಟಾರ್ಚ್ ಹಾಯಿಸಿದರೆ ತಳದ ತಿರುಪುಮೊಳೆ ಕೂಡ ಕಾಣುವಷ್ಟು ತಿಳಿ. ನಳಿಗೆಗೆ ಹನಿ ಬಿಟ್ಟೆ: ಪುನರ್ಪುಳಿ. ಹೊಸ ನೀರು, ರಾತ್ರಿಯಿಡೀ ಸೆಲ್ ಓಡಿದೆ, ಏರದೆ ಇರುತ್ತದೆಯೇ? ಹೀಗೇ ಬಿಟ್ಟರೆ ಬಿಸಿಲೇರುವಾಗ ಮತ್ತೆ ಹಾಲು. ಮೂಗಿಗೆ ಬಟ್ಟೆ ಕಟ್ಟಿದೆ, ಅಳೆದೆ, ಬೆರೆಸಿದೆ, ಸುತ್ತ ನಡೆದು ಸುರಿದೆ. ಆರು ಗಂಟೆ ಹೊಡೆಯಿತು. ಒಳಗೆ ಹೋಗಿ ಹಳೆಯ ಚೂಡಿದಾರ ಹಾಕಿಕೊಂಡು, ಜಡೆ ಬಿಗಿದು, ಮೂವತ್ತು ವರ್ಷ ಹಿಂದಿನ ಕೆರೆಯನ್ನು ಎದೆಯಲ್ಲಿ ಹೊತ್ತು ಏಣಿಯ ಹತ್ತಿರ ಬಂದೆ.

ಎದುರಿಗೆ ಗೋಡೆಯ ಮೇಲೆ, ಬೆಳಗಿನ ಮಸುಕಿನಲ್ಲಿ, ಕೆಂಪು ಪೇಂಟಿನಲ್ಲಿ, ನನ್ನದೇ ಸುಂದರ ಅಕ್ಷರ: ಆಸಿಡ್ ಹಾಕಿದ ನಾಲ್ಕು ಗಂಟೆ ಯಾರೂ ಇಳಿಯಬಾರದು.

ಎಷ್ಟೋ ಹೊತ್ತು ಓದುತ್ತ ನಿಂತೆ. ಎಷ್ಟು ಸಲ ಓದಿದರೂ ಅಷ್ಟೇ ಇತ್ತು.

ಆರರಿಂದ ಹತ್ತು. ಸಾಹೇಬರು ಬರುವುದು ಹತ್ತಕ್ಕೆ, ಅವರು ಒಂದಿಷ್ಟು ತಡ ಮಾಡಿದರೆ ನನಗೊಂದು ಮುಳುಗಿಗೆ ಸಮಯವಿದೆ. ದೇವರೇ, ಕಲ್ಲಡ್ಕದಲ್ಲಿ ಅವರ ಕಾರಿನ ಟಯರ್ ಸ್ವಲ್ಪ ಪಂಕ್ಚರ್ ಆಗಲಿ ಎಂದು ಬೇಡಿಕೊಳ್ಳುತ್ತ ದೋಸೆ ಹೊಯ್ದೆ, ಗಡಿಯಾರ ನೋಡಿದೆ, ಕೋಳಿ ತಿರುವಿದೆ, ಗಡಿಯಾರ ನೋಡಿದೆ. ಹತ್ತಕ್ಕೆ ಕಾಲು ಗಂಟೆ ಇರುವಾಗ ಹಾರ್ನ್ ಕೇಳಿತು. ಮಸ್ಕತ್ತಿನ ಮ್ಯಾನೇಜರು! ಮುಂಚೆ ಬಂದಾರೇ ಹೊರತು ತಡವಾಗಿ ಬರುವವರಲ್ಲ.

ಚೂಡಿದಾರದ ಮೇಲೆ ಸೀರೆ ಸುತ್ತಿಕೊಂಡೆ. ಅಬ್ಬಾಸ್ ಸಾಹೇಬರು, ಅವರ ಹೆಂಡತಿ ಮೈಮೂನಮ್ಮ, ನಮಸ್ಕಾರ, ಸಲಾಂ, ಕುರ್ಚಿ. ನಾನು ಇನ್ನೊಂದು ದೋಸೆಗೆ ಒಳಗೆ ಹೋಗಿ ಹಿಟ್ಟು ಹೊಯ್ಯುತ್ತಿದ್ದಾಗ ಹೊರಗೆ ಧೊಪ್ಪನೆ ಶಬ್ದವಾಯಿತು. ಗಡಿಯಾರ ನೋಡಿದೆ. ಹತ್ತು. ಕರಾರುವಾಕ್ಕು ಹತ್ತು.

ಓಡಿ ಬಂದರೆ ನಮ್ಮವರು ಏಣಿಯ ಸರಳನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಕತ್ತಿನವರೆಗೆ ನೀರಲ್ಲಿ ನಿಂತಿದ್ದಾರೆ. ನನ್ನ ಮುಖ ನೋಡಿ ಹಲಗೆಯ ಕಡೆ ಗಲ್ಲ ತೋರಿಸಿದರು. "ನಾಲ್ಕು ಗಂಟೆ ಆಯ್ತಲ್ಲ ಸ್ವರ್ಣಾ? ನೀನು ಬೆಳಿಗ್ಗೆಯೇ ಇಳಿದಾಗಿರ್ಬೇಕಲ್ವಾ?"

ಇಲ್ಲ ಎನ್ನಲು ಹೊರಟವಳು ಆ ಮುಖ ನೋಡಿದೆ. ಈಜಲು ಬಾರದ, ಹೊಟ್ಟೆ ಒಳಗೆಳೆಯಲು ಮರೆತ, ಕಣ್ಣಲ್ಲಿ ನೀರು ತುಂಬಿದ ಐವತ್ತು ವರ್ಷದ ಮಗು. ಅಷ್ಟು ವರ್ಷ ಒಣಗಿದ್ದ ಪಾದಗಳು ನೀಲಿಯಲ್ಲಿ ಕುಣಿಯುತ್ತಿದ್ದವು.

"ಸಾಹೇಬರೇ, ನೀವೂ ಇಳಿಯಿರಿ!"

"ಬೇಡಪ್ಪ ರುಕ್ಮಯ್ಯ. ನನಗೆ ಪೂಲ್ ನೋಡಿ ನೋಡಿ ಸಾಕಾಗಿದೆ. ಒಂದು ಲೋಟ ಬಾವಿ ನೀರು ಕೊಟ್ರೆ ಸಾಕು." ಸಾಹೇಬರು ಬಗ್ಗಿ ನೋಡಿದರು. "ಆದ್ರೆ ನೀರು ಮಾತ್ರ ಫಸ್ಟ್ ಕ್ಲಾ‌ಸ್. ನಮ್ಮ ಹೋಟೆಲಿನಲ್ಲೂ ಹೀಗೆ ಇರ್ಲಿಲ್ಲ. ಹೇಗೆ ಇಟ್ಟಿದ್ದಿ?"

"ಎಂತದೂ ಇಲ್ಲ ಸಾಹೇಬರೇ. ಸ್ವಲ್ಪ ಪಿಎಚ್ ನೋಡಿಕೊಂಡ್ರೆ ಆಯ್ತು, ತನ್ನಷ್ಟಕ್ಕೇ ಇರ್ತದೆ." ಆಮೇಲೆ ನನ್ನ ಕಡೆ ತಿರುಗಿ, ಸಂಭ್ರಮದ ದನಿಯಲ್ಲಿ: "ಸ್ವರ್ಣಾ, ಇಲ್ಲಿಗೇ ಒಂದು ಜ್ಯೂಸ್ ತಾ!"

ತಂದೆ. ಟ್ರೇಯಲ್ಲಿ ಪುನರ್ಪುಳಿ ಶರಬತ್ತು, ಅದೇ ಬಣ್ಣ. ಅಂಚಿನಿಂದ ಒಂದು ಗೇಣು ಹಿಂದೆ ನಿಂತು ಕೈ ಚಾಚಿದೆ. ಸೀರೆ ಒದ್ದೆಯಾಗಲಿಲ್ಲ.

ಮೈಮೂನಮ್ಮ ಒಂದು ಸಲ ನನ್ನನ್ನೂ ಒಂದು ಸಲ ಟ್ರೇಯನ್ನೂ ನೋಡಿ ಮೆಲ್ಲಗೆ ಕೇಳಿದರು: "ನೀವು ಇಳಿಯುವುದಿಲ್ವಾ?"

"ದೋಸೆ ಕಾವಲಿಯಲ್ಲಿ ಉಂಟು" ಎಂದೆ. ಸುಳ್ಳಲ್ಲ. ಕರಟಿದ ವಾಸನೆ ಬರುತ್ತಿತ್ತು.

ಹೋಗುವ ಮೊದಲು ಸಾಹೇಬರು, ಲಾಯಿಲದ ಮೊಮ್ಮಕ್ಕಳನ್ನು ಪ್ರತಿ ಭಾನುವಾರ ಈಜಲು ಕಳಿಸಬಹುದೇ ಎಂದು ಕೇಳಿದರು. ನಮ್ಮವರು ಎದೆಯುಬ್ಬಿಸಿ ಒಪ್ಪಿದರು. ಎಷ್ಟು ಮಕ್ಕಳು ಇಳಿದರೆ ಎಷ್ಟು ಕೊಳೆ, ಯಾರು ಎಷ್ಟು ಬೇಗ ಏಳಬೇಕು ಎಂಬ ಲೆಕ್ಕ ನನ್ನ ತಲೆಯಲ್ಲಿ ತನ್ನಷ್ಟಕ್ಕೇ ಓಡಿತು.

ಸೋಮವಾರ. ಕತ್ತಲು. ಅಕ್ಕಿ ಕಡೆಯಲು ಹಾಕಿದೆ, ಹಂಡೆಗೆ ಬೆಂಕಿ ಮಾಡಿದೆ, ಅಂಗಳ ಗುಡಿಸಿದೆ, ಒಂದು ಕಪ್ಪೆಯನ್ನು ಎತ್ತಿ ಹುಲ್ಲಿಗೆ ಬಿಟ್ಟೆ. ಹನಿ ಬಿಟ್ಟೆ: ಪುನರ್ಪುಳಿ.

ಆಸಿಡಿನ ಅಳತೆಲೋಟ ಕೈಯಲ್ಲಿ ಹಿಡಿದಾಗ ನನಗೆ ಮೊದಲ ಬಾರಿಗೆ ಆ ಸರಳ ಗಣಿತ ಹೊಳೆಯಿತು. ಈ ಮನೆಯಲ್ಲಿ ನನಗೆ ಕೊಳ ಸಿಗುವುದು ಈ ಹೊತ್ತಿನಲ್ಲಿ ಮಾತ್ರ. ಆಸಿಡ್ ಸುರಿಯುವುದೂ ಇದೇ ಹೊತ್ತಿನಲ್ಲಿ. ಸುರಿದರೆ ನಾಲ್ಕು ಗಂಟೆ. ನಾಲ್ಕು ಗಂಟೆಯ ಆಚೆ ದೋಸೆ, ಅದರಾಚೆ ಇವರು, ಅದರಾಚೆ ಲಾಯಿಲದ ಮೊಮ್ಮಕ್ಕಳು. ನಾಳೆಯೂ ಇಷ್ಟೇ, ನಾಡಿದ್ದೂ ಇಷ್ಟೇ. ನಾನು ನೀರನ್ನು ಸರಿ ಇಟ್ಟಷ್ಟು ದಿನ ನಾನು ನೀರಿಗೆ ಇಳಿಯುವಂತಿಲ್ಲ. ಸುರಿಯದಿದ್ದರೆ? ಸಂಜೆಗೆ ನೀರಗೆರೆಯಲ್ಲಿ ಬಿಳಿ ಹಿಟ್ಟು. ಆ ಮಂಕಾದ ಜಾಗದಲ್ಲಿ ಇನ್ನೂ ಜಾಸ್ತಿ. ಸೆಲ್ಲಿಗೂ ಹಿಡಿಯಬಹುದು. ಬಿಂಬುಳಿ ಜಜ್ಜಿ ಬೋರಲು ಮಲಗಿ ಒರೆಸುವವಳು ನಾನೇ.

ಅಳತೆಲೋಟವನ್ನು ಕೆಳಗಿಟ್ಟೆ. ಕ್ಯಾನಿನ ಮುಚ್ಚಳ ತಿರುಪಿ ಬಿಗಿ ಮಾಡಿದೆ. ಓರೆಯಾದ ಕಲ್ಲನ್ನು ತುಳಿದು ಏಣಿ ಇಳಿದೆ.

ನೈಟಿ ಗಾಳಿ ತುಂಬಿಕೊಂಡು ನನ್ನ ಸುತ್ತ ದೊಡ್ಡ ಕೊಡೆಯ ಹಾಗೆ ಅರಳಿತು. (ಯಾವ ಭಂಗಿಯನ್ನೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿರಲಿಲ್ಲ.) ಅದನ್ನು ಅದುಮಿ ಸೊಂಟಕ್ಕೆ ಸಿಕ್ಕಿಸಿ ಕಾಲು ಚಾಚಿದೆ. ಕೈಗಳಿಗೆ ಎಲ್ಲ ನೆನಪಿತ್ತು, ಸೊಂಟ ಪೂರ್ತಿ ಮರೆತಿತ್ತು. ಒಂದು ಗುಟುಕು ಕುಡಿದೆ. ಉಪ್ಪು ಹದವಾಗಿತ್ತು. ಇನ್ನೊಮ್ಮೆ ಕಾಲು ಒದೆದೆ. ಆಚೆ ಗೋಡೆ ಕೈಗೆ ಸಿಕ್ಕಿತು.

ಮನೆಯೊಳಗೆ ದೀಪ ಹತ್ತಿತು. "ಸ್ವರ್ಣಾ! ಚಾ ಆಯ್ತಾ? ಆಸಿಡ್ ಹಾಕಿದಿಯಾ?"

ಎರಡು ಪ್ರಶ್ನೆ, ಎರಡಕ್ಕೂ ಒಂದೇ ಉತ್ತರ. ಮೂಗು ಹಿಡಿದು, ತಲೆ ತಗ್ಗಿಸಿ, ಪೂರ್ತಿ ಮುಳುಗಿದೆ.